ಕಾಂಟೂರ್ ಮ್ಯಾಪಿಗೆ ಯಾವ ಎತ್ತರದ ಡೇಟಾ? ಮೈಸೂರು–ಮಂಡ್ಯದವರಿಗೆ ಒಂದು ಹೋಲಿಕೆ

30 ಮೀಟರಿನ ಡೆಮ್ ಸಾಕಾ, 12.5 ಮೀಟರಿನದು ಇಳಿಸಿಕೊಳ್ಳಲಾ, ಇಲ್ಲ ಡ್ರೋನ್ ಹಾರಿಸಲೇಬೇಕಾ? ಕಾಂಟೂರ್, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ, ಹಾಕಲು ಕೂತವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಇದೇ. ಡೆಮ್ ಅಂದರೆ ನೆಲವನ್ನು ಚೌಕ ಚೌಕವಾಗಿ (ಪಿಕ್ಸೆಲ್) ಹಂಚಿ ಒಂದೊಂದಕ್ಕೂ ಎತ್ತರ ಬರೆದಿಟ್ಟ ಫೈಲು, 30 ಮೀಟರ್ ಅನ್ನುವುದು ಆ ಚೌಕದ ಅಗಲ. ಕೇಳುವವರು ಮಾತ್ರ ತರಾವರಿ. ಆರ್ಕಿಟೆಕ್ಚರ್ ಓದುವ ಹುಡುಗನಿಗೆ ಚಾಮುಂಡಿ ಬೆಟ್ಟದ ಮಾಡೆಲ್ ಆಗಬೇಕು. ಕೆ.ಆರ್. ಪೇಟೆ ಕಡೆಯ ರೈತರಿಗೆ ಕೃಷಿ ಹೊಂಡ ಎಲ್ಲಿ ತೋಡಿಸಬೇಕು ಅಂತ ತಿಳಿಯಬೇಕು. ಬೋಗಾದಿ ಆಚೆ ಬಡಾವಣೆ ಮಾಡುವವರಿಗೆ ಚರಂಡಿ ನೀರು ಯಾವ ಕಡೆ ಓಡುತ್ತದೆ ಅನ್ನುವುದು ಬೇಕು. ಮೂವರಿಗೂ ಒಂದೇ ಫೈಲಿನ ಹೆಸರು ಹೇಳಿ ಕಳಿಸಿದರೆ ಇಬ್ಬರಿಗಾದರೂ ಕೆಲಸ ಕೆಡುತ್ತದೆ.

ಹಾಗಾಗಿ ಫೈಲುಗಳ ಹೆಸರಿಗೆ ಹೋಗುವ ಮೊದಲು, ಯಾವುದನ್ನು ನೋಡಿ ಅಳೆಯಬೇಕು ಅನ್ನುವುದನ್ನು ಗಟ್ಟಿ ಮಾಡಿಕೊಳ್ಳೋಣ.

ಮೊದಲು ಕಾಂಟೂರ್ ಅಂತರ, ಆಮೇಲೆ ಪಿಕ್ಸೆಲ್

ಗೆರೆಗೂ ಗೆರೆಗೂ ನಡುವೆ ಎಷ್ಟು ಎತ್ತರದ ಅಂತರ ಬೇಕು? 20 ಮೀಟರಾ, 5 ಮೀಟರಾ, ಅರ್ಧ ಮೀಟರಾ? ಇದನ್ನು ಹೇಳಲು ಬಾರದಿದ್ದರೆ ಮುಂದಿನ ಯಾವ ಮಾತಿಗೂ ಅರ್ಥವಿಲ್ಲ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಸರ್ಕಾರಿ ಭೂನಕ್ಷೆಗಳಾದ ಟೋಪೋಶೀಟುಗಳಲ್ಲಿ (ಹಳೆ ಸಂಖ್ಯೆಯಲ್ಲಿ ಮೈಸೂರು 57ಡಿ/11, ಮಂಡ್ಯ 57ಡಿ/14) ಗೆರೆ ಇರುವುದು 20 ಮೀಟರಿಗೊಂದು. ನಕ್ಷೆ ಮಾಡುವವರಲ್ಲಿ ಒಂದು ಹಳೆಯ ಲೆಕ್ಕವಿದೆ. ನೂರು ಜಾಗ ಪರೀಕ್ಷಿಸಿದರೆ ತೊಂಬತ್ತರಲ್ಲಿ ಎತ್ತರದ ತಪ್ಪು ಕಾಂಟೂರ್ ಅಂತರದ ಅರ್ಧಕ್ಕಿಂತ ಕಡಿಮೆ ಇರಬೇಕು. 5 ಮೀಟರ್ ಗೆರೆ ಬೇಕಾದರೆ ಡೇಟಾದ ತಪ್ಪು ಎರಡೂವರೆ ಮೀಟರ್ ದಾಟಬಾರದು. 1 ಮೀಟರ್ ಗೆರೆಗೆ ಅರ್ಧ ಮೀಟರ್. ಈ ಒಂದು ಲೆಕ್ಕವನ್ನು ಕೈಯಲ್ಲಿ ಇಟ್ಟುಕೊಂಡರೆ ಅರ್ಧಕ್ಕರ್ಧ ಆಯ್ಕೆಗಳು ತಾವಾಗಿಯೇ ಉದುರಿಹೋಗುತ್ತವೆ.

ಎರಡನೆಯದು ನೆಲದ ಇಳಿಜಾರು. ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ, ಆದರೆ ನಮ್ಮ ಎರಡು ಜಿಲ್ಲೆಗಳಿಗೆ ಇದಕ್ಕಿಂತ ಮುಖ್ಯವಾದ್ದು ಇನ್ನೊಂದಿಲ್ಲ. ಚಾಮುಂಡಿ ಬೆಟ್ಟದ ಕಡಿದಾದ ಒಂದು ಮಗ್ಗುಲು ತೆಗೆದುಕೊಳ್ಳಿ. ಎರಡು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರುವಂಥ ಜಾಗ ಅಂತ ಇಟ್ಟುಕೊಳ್ಳಿ. ಡೇಟಾದಲ್ಲಿ 3 ಮೀಟರ್ ತಪ್ಪಿದ್ದರೆ ಗೆರೆ ನಕ್ಷೆಯ ಮೇಲೆ ಸರಿಯುವುದು 6 ಮೀಟರ್. ಒಂದು ಪಿಕ್ಸೆಲ್ಲಿನೊಳಗೇ ಮುಗಿದುಹೋಯಿತು. ಈಗ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ಗದ್ದೆ ಬಯಲಿಗೆ ಬನ್ನಿ. ಅಲ್ಲಿ 300 ಮೀಟರ್ ನಡೆದರೆ ಒಂದು ಮೀಟರ್ ಇಳಿಯುವ ನೆಲ ಅನ್ನೋಣ. ಅದೇ 3 ಮೀಟರ್ ತಪ್ಪಿಗೆ ಗೆರೆ 900 ಮೀಟರ್ ಸರಿಯುತ್ತದೆ! ನಿಮ್ಮ ಗದ್ದೆಯ ಗೆರೆ ಪಕ್ಕದ ಊರಿನ ಗದ್ದೆಯಲ್ಲಿ ಬಿದ್ದಿರುತ್ತದೆ. ಡೇಟಾ ಒಂದೇ, ತಪ್ಪೂ ಒಂದೇ. ಬೆಟ್ಟದಲ್ಲಿ ಅದು ಲೆಕ್ಕಕ್ಕೇ ಇಲ್ಲ, ಬಯಲಿನಲ್ಲಿ ನಕ್ಷೆಯೇ ಹಾಳು. ಆದ್ದರಿಂದ ಮೇಲುಕೋಟೆಯಲ್ಲೋ ಕುಂತಿ ಬೆಟ್ಟದಲ್ಲೋ ಕೆಲಸ ಮಾಡಿದವರು "ಚೆನ್ನಾಗಿ ಬಂತು" ಅಂದರೆ ಮದ್ದೂರಿನ ಬಯಲಿಗೂ ಅದನ್ನೇ ನಂಬಿ ಹೊರಡಬೇಡಿ.

ಮೂರನೆಯದು: ಡೇಟಾ ತೋರಿಸುತ್ತಿರುವುದು ನೆಲವನ್ನೋ, ನೆಲದ ಮೇಲಿರುವುದನ್ನೋ? ಬಿಟ್ಟಿ ಸಿಗುವ ಜಾಗತಿಕ ಡೇಟಾ ಬಹುತೇಕ ಮೇಲ್ಮೈಯದು. ತೆಂಗಿನ ತೋಟವಿದ್ದರೆ ಗರಿಗಳ ಕಡೆಯ ಎತ್ತರ, ಅಗ್ರಹಾರದಂಥ ದಟ್ಟ ಬೀದಿಯಾದರೆ ಮನೆಯ ತಾರಸಿ ಸೇರಿಕೊಂಡ ಎತ್ತರ. ಮಂಡ್ಯದಲ್ಲಿ ಇದು ಸಣ್ಣ ವಿಷಯವಲ್ಲ. ಬೆಳೆದು ನಿಂತ ಕಬ್ಬು ಆಳೆತ್ತರ ದಾಟುತ್ತದೆ. ಕಬ್ಬು ನಿಂತಿದ್ದಾಗ ತೆಗೆದ ಚಿತ್ರವಾದರೆ ಆ ಗದ್ದೆ ದಿಬ್ಬವಾಗಿ ಕಾಣುತ್ತದೆ, ಪಕ್ಕದ ಭತ್ತದ ಗದ್ದೆ ತಗ್ಗಾಗಿ ಕಾಣುತ್ತದೆ. ನಿಜದಲ್ಲಿ ಎರಡಕ್ಕೂ ಒಂದೇ ನಾಲೆಯ ನೀರು ಸಲೀಸಾಗಿ ಹರಿಯುತ್ತಿರುತ್ತದೆ.

ಇನ್ನು ಡೇಟಾ ಯಾವ ವರ್ಷದ್ದು, ಎಷ್ಟು ಎಕರೆಯ ಕೆಲಸ, ಎಷ್ಟು ದುಡ್ಡು, ವಾಣಿಜ್ಯ ಕೆಲಸಕ್ಕೆ ಬಳಸಬಹುದಾ ಅನ್ನುವುದನ್ನೆಲ್ಲ ಒಂದೊಂದನ್ನೂ ನೋಡುವಾಗ ಹೇಳುತ್ತೇನೆ.

ಬಿಟ್ಟಿ ಸಿಗುವ 30 ಮೀಟರಿನ ಗುಂಪು

ಎಸ್‌ಆರ್‌ಟಿಎಂ ಎಲ್ಲರಿಗೂ ಗೊತ್ತಿರುವ ಹೆಸರು. 2000ದ ಫೆಬ್ರುವರಿಯಲ್ಲಿ ಎಂಡೇವರ್ ನೌಕೆ 11 ದಿನ ಸುತ್ತಿ ರೇಡಾರಿನಲ್ಲಿ ಅಳೆದದ್ದು. ಎತ್ತರದ ತಪ್ಪು 16 ಮೀಟರಿನೊಳಗೆ ಇರಬೇಕು ಅನ್ನುವುದು ಆಗಿನ ಗುರಿ. ಆಮೇಲೆ ಪರೀಕ್ಷಿಸಿದಾಗ ನಮ್ಮ ಖಂಡದ ಕಡೆ ಸುಮಾರು 6 ಮೀಟರ್ ಅಂತ ಗೊತ್ತಾಯಿತು. ಒಳ್ಳೆಯ ಡೇಟಾ, ಆದರೆ ವಯಸ್ಸಾಯಿತು. ಇನ್ನೊಂದು ತೊಂದರೆ, ಎತ್ತರ ಇರುವುದು ಪೂರ್ಣ ಮೀಟರಿನಲ್ಲಿ. 676, 677, 678, ನಡುವೆ ಏನೂ ಇಲ್ಲ. ಬಯಲಿನಲ್ಲಿ ಇದರಿಂದ 1 ಮೀಟರ್ ಕಾಂಟೂರ್ ತೆಗೆದು ನೋಡಿ. ಚೌಕ ಚೌಕವಾಗಿ ಮೆಟ್ಟಿಲು ಕಟ್ಟಿದ ಹಾಗೆ, ಅಲ್ಲಲ್ಲಿ ಸಣ್ಣ ಸಣ್ಣ ಉಂಗುರಗಳು ತೇಲಿದ ಹಾಗೆ ಬರುತ್ತದೆ. ಅದು ಭೂಮಿಯ ಆಕಾರವಲ್ಲ, ಪೂರ್ಣಾಂಕದ ಆಟ. ಇದೇ ಮೂಲ ಸಂಕೇತಗಳನ್ನು ಮತ್ತೆ ಸಂಸ್ಕರಿಸಿ 2020ರಲ್ಲಿ ಕೊಟ್ಟ ನಾಸಾಡೆಮ್ ಕೊಂಚ ವಾಸಿ.

ಆಸ್ಟರ್ ಜಿಡೆಮ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮೂರನೆಯ ಆವೃತ್ತಿ 2019ರಲ್ಲಿ ಬಂದಿದೆ. ಆದರೂ ಬಯಲಿನಲ್ಲಿ ಗುಳಿ ಗುಬ್ಬು ಜಾಸ್ತಿ. ಬೇರೆ ಗತಿ ಇಲ್ಲದಿದ್ದ ಕಾಲಕ್ಕೆ ಸರಿ, ಈಗ ಬೇಡ.

ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾ ಕೊಡುವ ಎಡಬ್ಲ್ಯೂ3ಡಿ30, 2006ರಿಂದ 2011ರವರೆಗೆ ಆಲೋಸ್ ಉಪಗ್ರಹ ಎರಡೂವರೆ ಮೀಟರ್ ಸೂಕ್ಷ್ಮತೆಯಲ್ಲಿ ತೆಗೆದ ಚಿತ್ರಗಳಿಂದ ಮಾಡಿದ್ದು. ಬೆಟ್ಟದ ಏಣು, ಕಣಿವೆ ಇದರಲ್ಲಿ ಚೊಕ್ಕವಾಗಿ ಬರುತ್ತವೆ. ಕರಿಘಟ್ಟ, ಮೇಲುಕೋಟೆಯಂಥ ಬಂಡೆ ಬೆಟ್ಟಗಳಿಗೆ ನನಗೆ ಇಷ್ಟ. ಇದರಲ್ಲೂ ಎತ್ತರ ಪೂರ್ಣ ಮೀಟರಿನಲ್ಲೇ ಇದೆ.

ಈ ಗುಂಪಿನಲ್ಲಿ ಒಂದನ್ನೇ ಆರಿಸಿ ಅಂದರೆ ಯುರೋಪಿನ ಕೋಪರ್ನಿಕಸ್ 30 ಮೀಟರಿನದು. 2011ರಿಂದ 2015ರ ನಡುವೆ ಜರ್ಮನಿಯ ಟ್ಯಾನ್‌ಡೆಮ್-ಎಕ್ಸ್ ಜೋಡಿ ಉಪಗ್ರಹಗಳು ಅಳೆದದ್ದು. ತಪ್ಪು 4 ಮೀಟರಿನೊಳಗೆ ಅಂತ ಅವರೇ ಹೇಳುತ್ತಾರೆ. ಅಕ್ಕಪಕ್ಕದ ಎರಡು ಜಾಗಗಳ ನಡುವಿನ ವ್ಯತ್ಯಾಸದಲ್ಲಾದರೆ, ಇಳಿಜಾರು ಕಡಿಮೆ ಇರುವ ಕಡೆ ತಪ್ಪು 2 ಮೀಟರಿನೊಳಗೆ. ಕಾಂಟೂರಿನ ಆಕಾರಕ್ಕೆ ಬೇಕಾಗುವುದು ಈ ಎರಡನೆಯ ಅಂಕಿ. ಎತ್ತರ ದಶಮಾಂಶದಲ್ಲಿ ಇರುವುದರಿಂದ ಮೆಟ್ಟಿಲು ಬರುವುದಿಲ್ಲ. ಮೇಲೆ ಹೇಳಿದ ಅರ್ಧದ ಲೆಕ್ಕಕ್ಕೆ ಹಾಕಿದರೆ 10 ಮೀಟರ್ ಗೆರೆ ಧೈರ್ಯವಾಗಿ ಹಾಕಬಹುದು. ಗಿಡಮರ ಇಲ್ಲದ ತೆರೆದ ಜಾಗದಲ್ಲಿ 5 ಮೀಟರ್ ಗೆರೆಯನ್ನು "ಅಂದಾಜು" ಅಂತ ಬರೆದು ಹಾಕಬಹುದು. ಅದಕ್ಕಿಂತ ಕೆಳಗೆ ಇಳಿಯಬೇಡಿ.

ಇದೇ ಕೋಪರ್ನಿಕಸ್ಸಿನಿಂದ ಮರ, ಕಟ್ಟಡಗಳ ಎತ್ತರವನ್ನು ಮೆಷಿನ್ ಲರ್ನಿಂಗಿನಿಂದ ಕಳೆದು ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಮಾಡಿದ್ದು ಫ್ಯಾಬ್‌ಡೆಮ್. ಮೈಸೂರು ನಗರದೊಳಗೆ, ತೆಂಗು ಅಡಿಕೆ ತೋಟಗಳ ಸೀಮೆಯಲ್ಲಿ ನೀರು ಹರಿಯುವ ದಾರಿ ನೋಡಲು ಇದೇ ವಾಸಿ. ಕಳೆದಿರುವುದು ಅಂದಾಜಿನಿಂದ ಅನ್ನುವುದು ನೆನಪಿರಲಿ. ಬಿಟ್ಟಿ ಸಿಗುವ ಆವೃತ್ತಿಗೆ ವಾಣಿಜ್ಯ ಬಳಕೆಯ ಪರವಾನಗಿ ಇಲ್ಲ. ಕಾಲೇಜಿನ ಪ್ರಾಜೆಕ್ಟಿಗೆ ಸರಿ, ಬಡಾವಣೆಯವರಿಗೆ ಬಿಲ್ ಹಾಕುವ ಕೆಲಸಕ್ಕೆ ಬೇಡ.

ನಮ್ಮದೇ ಕಾರ್ಟೋಡೆಮ್ ಇದೆಯಲ್ಲ ಅಂತ ಕೇಳುತ್ತೀರಿ. 2005ರ ಮೇನಲ್ಲಿ ಇಸ್ರೋ ಹಾರಿಸಿದ ಕಾರ್ಟೋಸ್ಯಾಟ್-1ರ ಜೋಡಿ ಚಿತ್ರಗಳಿಂದ ಮಾಡಿದ್ದು, 30 ಮೀಟರಿನದು ಇಸ್ರೋದ ಭುವನ್ ಜಾಲತಾಣದಲ್ಲಿ ಬಿಟ್ಟಿ ಸಿಗುತ್ತದೆ. ತಪ್ಪು 8 ಮೀಟರಿನೊಳಗೆ ಅನ್ನುವುದು ಗುರಿ. ಇಳಿಸಿಕೊಂಡು ತೆರೆದರೆ ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದ ಮೈಸೂರು 680ರ ಆಸುಪಾಸಿನಲ್ಲಿ ಕಾಣುತ್ತದೆ. ಗಾಬರಿ ಬೇಡ. ಅದು ಸಮುದ್ರಮಟ್ಟದಿಂದ ಅಳೆದ ಎತ್ತರವಲ್ಲ, ಭೂಮಿಯ ಗಣಿತದ ಆಕಾರವಾದ ಎಲಿಪ್ಸಾಯ್ಡಿನಿಂದ ಅಳೆದದ್ದು. ನಮ್ಮ ಕಡೆ ಇವೆರಡರ ನಡುವೆ 80–90 ಮೀಟರ್ ವ್ಯತ್ಯಾಸವಿದೆ. ತಿದ್ದಿಕೊಂಡರೆ ಆಯಿತು. ತಿದ್ದದೆ ಬೇರೆ ಡೇಟಾದ ಜೊತೆ ಬೆರೆಸಿದರೆ ಎರಡರ ಅಂಚು ಸೇರುವ ಕಡೆ ಇಲ್ಲದ ಪ್ರಪಾತವೊಂದು ಹುಟ್ಟಿಕೊಳ್ಳುತ್ತದೆ.

12.5 ಮೀಟರಿನ ಆಸೆ

ಇದಕ್ಕೆ ಬೇರೆಯಾಗಿ ಜಾಗ ಕೊಡಲೇಬೇಕು. "ಸಾರ್, ಆಲೋಸ್ ಪಾಲ್ಸಾರ್ 12.5 ಮೀಟರಿನ ಡೆಮ್ ಸಿಕ್ತು, 2 ಮೀಟರ್ ಕಾಂಟೂರ್ ಹಾಕಿಕೊಡ್ಲಾ?" ಅಂತ ಕೇಳುವವರು ಈಗಲೂ ಇದ್ದಾರೆ. ಪಾಲ್ಸಾರ್ ಅಂದರೆ ಆಲೋಸ್ ಉಪಗ್ರಹದಲ್ಲಿದ್ದ ರೇಡಾರ್. ಅಲಾಸ್ಕಾ ಸ್ಯಾಟಲೈಟ್ ಫೆಸಿಲಿಟಿಯಿಂದ ಬರುವ ಈ ಫೈಲು ಆ ರೇಡಾರ್ ಅಳೆದ ಎತ್ತರವಲ್ಲ. ರೇಡಾರ್ ಚಿತ್ರವನ್ನು ನೆಲದ ಏರಿಳಿತಕ್ಕೆ ತಕ್ಕಂತೆ ಸರಿಪಡಿಸಲು ಮೊದಲೇ ಇದ್ದ ಡೆಮ್ ಒಂದನ್ನು ಬಳಸಿದ್ದಾರೆ, ಅದನ್ನೇ 12.5 ಮೀಟರಿಗೆ ಹಿಗ್ಗಿಸಿ ಜೊತೆಗೆ ಇಟ್ಟಿದ್ದಾರೆ. ನಮ್ಮ ಭಾಗಕ್ಕೆ ಆ ಮೂಲ ಡೆಮ್ ಅಂದರೆ ಎಸ್‌ಆರ್‌ಟಿಎಂ. ಕೊಡುವವರೇ ಇದನ್ನು ಬರೆದಿಟ್ಟಿದ್ದಾರೆ, ಓದುವವರು ಕಡಿಮೆ. ಮೇಲಾಗಿ ಎತ್ತರವನ್ನು ಎಲಿಪ್ಸಾಯ್ಡಿಗೆ ಬದಲಿಸಿಟ್ಟಿದ್ದಾರೆ. ಅಂದರೆ 2000ದ ಡೇಟಾ, ಪಿಕ್ಸೆಲ್ ಸಣ್ಣದು, ಮಾಹಿತಿ ಅಷ್ಟೇ. ಹಾಲಿಗೆ ನೀರು ಬೆರೆಸಿದರೆ ಲೀಟರು ಜಾಸ್ತಿಯಾಗುತ್ತದೆ, ಬೆಣ್ಣೆ ಜಾಸ್ತಿಯಾಗುವುದಿಲ್ಲ.

ನೀವೇ ಕ್ಯೂಜಿಸ್ ಎಂಬ ನಕ್ಷೆ ತಂತ್ರಾಂಶದಲ್ಲಿ 30 ಮೀಟರಿನದನ್ನು 5 ಮೀಟರಿಗೆ ರೀಸ್ಯಾಂಪಲ್ ಮಾಡಿದರೂ, ಅಂದರೆ ಪಿಕ್ಸೆಲ್ಲನ್ನು ಒಡೆದು ಸಣ್ಣದು ಮಾಡಿದರೂ, ಇದೇ ಕತೆ. ಗೆರೆ ನುಣುಪಾಗುತ್ತದೆ, ನೋಡಲು ಚೆಂದ. ಬೆಟ್ಟದ ನಕ್ಷೆಯನ್ನು ಅಂದವಾಗಿ ಮುದ್ರಿಸಲು ಮಾಡಿ, ತಪ್ಪಿಲ್ಲ. ನಿಖರತೆ ಹೆಚ್ಚಿತು ಅಂತ ಮಾತ್ರ ವರದಿಯಲ್ಲಿ ಬರೆಯಬೇಡಿ.

ಒಂದು ಎಕರೆಯೊಳಗೆ ಎಷ್ಟು ಪಿಕ್ಸೆಲ್?

ಎಕರೆ ಅಂದರೆ ಸುಮಾರು 4047 ಚದರ ಮೀಟರ್. 30 ಮೀಟರಿನ ಪಿಕ್ಸೆಲ್ ಒಂದು 900 ಚದರ ಮೀಟರ್. ನಿಮ್ಮ ಒಂದು ಎಕರೆಗೆ ಸಿಗುವುದು ನಾಲ್ಕೂವರೆ ಪಿಕ್ಸೆಲ್, ಅದರಲ್ಲೂ ಅಂಚಿನವು ಪಕ್ಕದವರ ಜಮೀನನ್ನೂ ಸೇರಿಸಿಕೊಂಡಿರುತ್ತವೆ. ನಾಲ್ಕು ಅಂಕಿಯಿಂದ ಬದು ಎಲ್ಲಿ ಹಾಕಬೇಕು ಅಂತ ಹೇಳಲು ಆಗುತ್ತದಾ? ಮೂರು ಅಡಿ ಅಗಲದ ಬದು, ಹೊಲಗಾಲುವೆ, ರಾಜಕಾಲುವೆಯ ದಂಡೆ, ಕೆರೆ ಏರಿಯ ನೆತ್ತಿ, ಯಾವುದೂ ಈ ಪಿಕ್ಸೆಲ್ಲಿನೊಳಗೆ ಬೇರೆಯಾಗಿ ಕಾಣುವುದಿಲ್ಲ. ಹಾಗಾಗಿ ಹೊಲದ ಮಟ್ಟದ ಯಾವ ಕೆಲಸಕ್ಕೂ ಬಿಟ್ಟಿ ಡೇಟಾ ಆಗುವುದಿಲ್ಲ. ಒಂದಿಡೀ ಹಳ್ಳದ ಜಲಾನಯನ, ಹೋಬಳಿ, ತಾಲ್ಲೂಕು ಅಂದರೆ ಅದೇ ಡೇಟಾ ಬಹಳ ಉಪಯೋಗಕ್ಕೆ ಬರುತ್ತದೆ. ಹೊಂಡಕ್ಕೆ ಯಾವ ಕಡೆಯಿಂದ ಎಷ್ಟು ಎಕರೆಯ ಮಳೆನೀರು ಬರಬಹುದು ಅನ್ನುವುದನ್ನು ಮನೆಯಲ್ಲೇ ಕೂತು ನೋಡಬಹುದು. ಹೊಂಡದ ಗುಳಿ ತೆಗೆಯುವ ಜಾಗವನ್ನು ಮಾತ್ರ ನೆಲದ ಮೇಲೇ ನೋಡಬೇಕು.

ದುಡ್ಡು ಕೊಟ್ಟರೆ ಸಿಗುವುದು

ಮೊದಲೇ ಹೇಳಿಬಿಡುತ್ತೇನೆ. ಅಮೆರಿಕ, ಇಂಗ್ಲೆಂಡಿನ ಬಹುಭಾಗಕ್ಕೆ ಲೇಸರ್ ಬೆಳಕಿನಿಂದ ಅಳೆದ 1 ಮೀಟರಿನ ಲೈಡಾರ್ ಡೇಟಾ ಬಿಟ್ಟಿ ಸಿಗುತ್ತದೆ. ಅಲ್ಲಿಯವರ ವಿಡಿಯೋ ನೋಡಿ ನಮ್ಮೂರಿಗೂ ಹುಡುಕಿ ಹೊತ್ತು ಕಳೆಯಬೇಡಿ. 2022ರ ರಾಷ್ಟ್ರೀಯ ಜಿಯೋಸ್ಪೇಷಿಯಲ್ ನೀತಿಯಲ್ಲಿ 2030ರ ಹೊತ್ತಿಗೆ ದೇಶಕ್ಕೆಲ್ಲ ಸೂಕ್ಷ್ಮ ಎತ್ತರದ ಡೇಟಾ ಮಾಡುವ ಗುರಿ ಇದೆ. ಅದು ಬರುವ ತನಕ ನಮ್ಮ ಕೆಲಸ ನಿಲ್ಲುವುದಿಲ್ಲವಲ್ಲ. ಸ್ವಾಮಿತ್ವ ಯೋಜನೆಯಲ್ಲಿ ಊರೂರಿಗೆ ಡ್ರೋನ್ ಬಂದಿತ್ತು ಅನ್ನುವವರೂ ಇದ್ದಾರೆ. ಅದು ಗ್ರಾಮಠಾಣದ ಮನೆ ಆಸ್ತಿ ಗುರುತಿಸುವುದಕ್ಕೆ, ಹೊಲಗದ್ದೆಗೆ ಅಲ್ಲ.

ಉಪಗ್ರಹದ ಜೋಡಿ ಚಿತ್ರ ಕೊಂಡು ಒಂದೆರಡು ಮೀಟರಿನ ಡೆಮ್ ಮಾಡಿಸಬಹುದು. ಕಾರ್ಟೋಸ್ಯಾಟಿನ 10 ಮೀಟರಿನದೂ ದುಡ್ಡಿಗೆ ಸಿಗುತ್ತದೆ. ಇಂಥ ಚಿತ್ರಗಳನ್ನು ಕನಿಷ್ಠ ಇಷ್ಟು ಚದರ ಕಿಲೋಮೀಟರ್ ಅಂತ ಮಾರುವುದು ವಾಡಿಕೆ. ಹತ್ತು ಎಕರೆಯವರಿಗೆ ಇದು ದುಬಾರಿ. ನೂರಾರು ಚದರ ಕಿಲೋಮೀಟರಿನ ನೀರಾವರಿ ಅಥವಾ ರಸ್ತೆ ಯೋಜನೆಯಾದರೆ ಎಕರೆ ಲೆಕ್ಕದಲ್ಲಿ ಅಗ್ಗ.

ಡ್ರೋನ್ ಸಮೀಕ್ಷೆ ಹತ್ತಾರು ಎಕರೆಯಿಂದ ಕೆಲವು ನೂರು ಎಕರೆಯವರೆಗೆ ಹೇಳಿ ಮಾಡಿಸಿದ್ದು. ಒಂದು ಪಿಕ್ಸೆಲ್ ಕೆಲವೇ ಸೆಂಟಿಮೀಟರ್. ನೆಲದ ಮೇಲೆ ಕಂಟ್ರೋಲ್ ಪಾಯಿಂಟ್ (ತಾಳೆ ನೋಡಲು ಇಡುವ ಗುರುತು) ಇಟ್ಟು, ಡಿಜಿಪಿಎಸ್ ಎಂಬ ಹೆಚ್ಚು ನಿಖರವಾದ ಜಿಪಿಎಸ್ಸಿನಿಂದ ಅಳೆದು ಮಾಡಿದರೆ ಅರ್ಧ ಮೀಟರ್ ಕಾಂಟೂರ್ ಆರಾಮವಾಗಿ ಬರುತ್ತದೆ. ಕಂಟ್ರೋಲ್ ಇಲ್ಲದೆ ಸುಮ್ನೆ ಹಾರಿಸಿ ತಂದರೆ ಚಿತ್ರ ಥಳಥಳ ಅನ್ನುತ್ತದೆ, ಎತ್ತರ ಮೀಟರುಗಟ್ಟಲೆ ವಾಲಿರಬಹುದು. ಆದರೆ ಕ್ಯಾಮೆರಾಗೆ ಕಾಣುವುದು ಸೋಗೆ, ಮಣ್ಣಲ್ಲ. ಮಂಡ್ಯ ಸೀಮೆಯಲ್ಲಿ ಡ್ರೋನ್ ಕರೆಸುವುದಾದರೆ ಕಬ್ಬು ಕಟಾವಾಗಿ ತರಗು ತೆಗೆದು, ಕೂಳೆ ಚಿಗುರುವ ಮೊದಲಿನ ದಿನಗಳನ್ನು ಹಿಡಿಯಿರಿ. ಭತ್ತದ ಗದ್ದೆಯಾದರೆ ಕೊಯ್ಲಾದ ಮೇಲೆ, ನೀರು ಬಿಡುವ ಮುಂಚೆ. ತೆಂಗಿನ ತೋಟದಲ್ಲಿ ಮರಗಳ ನಡುವೆ ನೆಲ ಇಣುಕುವುದರಿಂದ ಡ್ರೋನ್ ಲೈಡಾರ್ ಕೆಲಸ ಮಾಡುತ್ತದೆ, ಖರ್ಚು ಜಾಸ್ತಿ. ನಿಂತ ಕಬ್ಬಿನೊಳಗೆ ಅದರದ್ದೂ ಪರದಾಟವೇ. ಹಾರಿಸುವ ಮೊದಲು, ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ವಲಯ ನೋಡಿ. ಮಂಡಕಳ್ಳಿ ವಿಮಾನ ನಿಲ್ದಾಣದ ಸುತ್ತ ನಿರ್ಬಂಧಗಳಿವೆ. ಕೆಆರ್‌ಎಸ್ ಅಣೆಕಟ್ಟೆಯಂಥ ಜಾಗದ ಹತ್ತಿರ ಅನುಮತಿ ಇಲ್ಲದೆ ಹಾರಿಸುವ ಯೋಚನೆಯೇ ಬೇಡ.

ಐದು ಎಕರೆಯೊಳಗಿನ ಕೆಲಸಕ್ಕೆ ನನ್ನ ಓಟು ಹಳೆಯ ಆಟೋ ಲೆವೆಲ್ಲಿಗೋ ಟೋಟಲ್ ಸ್ಟೇಷನ್ನಿಗೋ. ಎರಡೂ ನೆಲದ ಮೇಲೆ ನಿಲ್ಲಿಸಿ ಅಳೆಯುವ ಸರ್ವೆ ಉಪಕರಣಗಳು. 10 ಮೀಟರಿಗೊಂದು ಕಡೆ ಸ್ಟಾಫ್ (ಅಳತೆ ಕೋಲು) ಹಿಡಿದರೆ ಒಂದು ಚೌಕ 100 ಚದರ ಮೀಟರ್, ಹೆಚ್ಚುಕಮ್ಮಿ ಒಂದು ಗುಂಟೆ. ಗುಂಟೆಗೊಂದು ರೀಡಿಂಗ್, ಎಕರೆಗೆ ನಲವತ್ತು. ಬಿಟ್ಟಿ ಡೇಟಾದ ನಾಲ್ಕೂವರೆಗೆ ಬದಲು ನಲವತ್ತು, ಅದೂ ಮಣ್ಣಿನ ಮೇಲೇ ಕೋಲಿಟ್ಟು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆದದ್ದು. ಬದುವಿನ ಮೇಲೆ, ಕಾಲುವೆಯ ತಳದಲ್ಲಿ, ತೂಬಿನ ಬಾಯಲ್ಲಿ ಚೌಕದ ಲೆಕ್ಕ ಬಿಟ್ಟು ಹೆಚ್ಚಿಗೆ ರೀಡಿಂಗ್ ತೆಗೆಸಿ. ಗೆರೆ ತಿರುಗುವುದೇ ಅಲ್ಲಿ. ಕಾಲು ಮೀಟರ್ ಕಾಂಟೂರ್ ಕೂಡ ಕಷ್ಟವಿಲ್ಲ. ಎಕರೆ ಜಾಸ್ತಿಯಾದಂತೆ ದಿನಗೂಲಿ ಏರುತ್ತದೆ, ಆಗ ಡ್ರೋನ್ ಗೆಲ್ಲುತ್ತದೆ.

ಯಾರಿಗೆ ಯಾವುದು

ಬೆಟ್ಟದ ಮಾಡೆಲ್, ಚಾರಣದ ನಕ್ಷೆ, ತಾಲ್ಲೂಕಿನ ಭೂಪಟ: ಕೋಪರ್ನಿಕಸ್ ಅಥವಾ ಎಡಬ್ಲ್ಯೂ3ಡಿ30, ಗೆರೆ 10 ಅಥವಾ 20 ಮೀಟರಿಗೊಂದು. ಎರಡನ್ನೂ ಒಂದರ ಮೇಲೊಂದು ಹಾಕಿ, ಎಲ್ಲಿ ಜಗಳವಾಡುತ್ತವೆ ನೋಡಿ. ಜಲಾನಯನ, ಕೆರೆಗೆ ಬರುವ ನೀರಿನ ದಾರಿ: ತೋಟಗಳಿರುವ ಕಡೆ ಫ್ಯಾಬ್‌ಡೆಮ್, ಬಯಲು ಸೀಮೆಯಲ್ಲಿ ಕೋಪರ್ನಿಕಸ್, ಜೊತೆಗೆ ಟೋಪೋಶೀಟಿನ ಹಳ್ಳಗಳನ್ನು ಹಾಕಿ ತಾಳೆ. ಬಡಾವಣೆಯವರು ಜಾಗ ಕೊಳ್ಳುವ ಮೊದಲು ಬಿಟ್ಟಿ ಡೇಟಾದಲ್ಲಿ ಒಮ್ಮೆ ನೋಡಲಿ, ಚರಂಡಿ ರಸ್ತೆಯ ಡ್ರಾಯಿಂಗಿಗೆ ಮಾತ್ರ ಡ್ರೋನ್ ಅಥವಾ ಟೋಟಲ್ ಸ್ಟೇಷನ್. ಕೃಷಿ ಹೊಂಡ, ಬದು, ಗದ್ದೆ ಸಮ ಮಾಡುವುದು: ಲೆವೆಲ್ ನೋಡಿಸಿ, ಬೇರೆ ಮಾತೇ ಇಲ್ಲ.

ಕೆರೆಯ ಹೂಳು ಲೆಕ್ಕ ಹಾಕುವವರು ಗಮನಿಸಿ. ಈ ಯಾವ ಉಪಗ್ರಹ ಡೇಟಾದಲ್ಲೂ ನೀರಿನ ಅಡಿ ಇರುವುದಿಲ್ಲ. ಕೆಆರ್‌ಎಸ್ ಹಿನ್ನೀರಿನಂಥ ಜಾಗದಲ್ಲಿ ಕಾಣುವುದು ಚಪ್ಪಟೆ ಮಾಡಿಟ್ಟ ನೀರಿನ ಮೇಲ್ಮೈ ಮಾತ್ರ. ಕೆರೆ ಒಣಗಿದಾಗ ಅಳೆಯಬೇಕು, ಇಲ್ಲವೇ ದೋಣಿಯಲ್ಲಿ ಹೋಗಿ ಆಳ ನೋಡಬೇಕು.

ವರ್ಷದ ಮಾತು ಬಾಕಿ ಇತ್ತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದದ್ದು 2023ರ ಮಾರ್ಚಿನಲ್ಲಿ. ಮೇಲೆ ಹೇಳಿದ ಬಿಟ್ಟಿ ಡೇಟಾ ಎಲ್ಲವೂ ಅದಕ್ಕಿಂತ ಹಳೆಯದು. ಆ ರಸ್ತೆಯ ಏರಿಗಳು, ಅದರ ಪಕ್ಕ ನೀರು ನಿಲ್ಲುವ ತಗ್ಗುಗಳು ಯಾವುದರಲ್ಲೂ ಇಲ್ಲ. ರಿಂಗ್ ರೋಡಿನ ಆಚೆ ಮಣ್ಣು ತುಂಬಿಸಿ ಎಬ್ಬಿಸಿದ ಬಡಾವಣೆಗಳ ಕತೆಯೂ ಅದೇ.

ಕೆಲಸ ಕೊಡುವ ಮುಂಚೆ

ನೀವೇ ಮಾಡುವುದಾದರೆ ಡೆಮ್ ಅನ್ನು ಮೊದಲು ಮೀಟರಿನಲ್ಲಿ ಲೆಕ್ಕ ಹಾಕುವ ನಕ್ಷೆ ಪದ್ಧತಿಯಾದ ಯುಟಿಎಂನ 43 ಉತ್ತರ ವಲಯಕ್ಕೆ, ಅಂದರೆ ಇಪಿಎಸ್‌ಜಿ 32643ಕ್ಕೆ ಬದಲಿಸಿಕೊಳ್ಳಿ. ಡಿಗ್ರಿಯಲ್ಲೇ ಬಿಟ್ಟರೆ ಇಳಿಜಾರಿನ ಲೆಕ್ಕ ಕೆಡುತ್ತದೆ. ಕಾಂಟೂರ್ ತೆಗೆದ ಮೇಲೆ ಗೊತ್ತಿರುವ ಒಂದು ನಾಲೆಯ ಮೇಲೆ ಹಾಕಿ ನೋಡಿ. ನೀರು ಏರುಮುಖಕ್ಕೆ ಹರಿಯುತ್ತಿದೆ ಅಂತ ಗೆರೆ ಹೇಳಿದರೆ ಯಾವುದನ್ನು ನಂಬಬೇಕು ಅಂತ ನಾನು ಹೇಳಬೇಕಾಗಿಲ್ಲ, ಅಲ್ವಾ?

ಸರ್ವೆಯವರಿಗೆ ಕೊಡುವುದಾದರೆ ದರ ಕೇಳುವ ಮುಂಚೆ ಇಷ್ಟನ್ನು ಬರೆದು ಕೊಡಿ: ಕಾಂಟೂರ್ ಅಂತರ ಎಷ್ಟು, ಎತ್ತರ ಮೊದಲೇ ಗೊತ್ತಿರುವ ಯಾವ ಗುರುತಿನಿಂದ (ಬೆಂಚ್‌ಮಾರ್ಕ್) ಎತ್ತರ ತರುತ್ತೀರಿ, ಎತ್ತರ ಸಮುದ್ರಮಟ್ಟದಿಂದಲೋ ಎಲಿಪ್ಸಾಯ್ಡಿನಿಂದಲೋ, ಕಂಟ್ರೋಲ್ ಪಾಯಿಂಟ್ ಎಷ್ಟು ಇಡುತ್ತೀರಿ, ಬೆಳೆ ಮರ ತೆಗೆದ ನೆಲದ ಮಾದರಿ ಕೊಡುತ್ತೀರಾ. ಗೆರೆ ಎಳೆದ ಪಿಡಿಎಫ್ ಜೊತೆಗೆ ಅಳೆದ ಪಾಯಿಂಟುಗಳ ಪಟ್ಟಿಯನ್ನೂ ಸಿಎಸ್‌ವಿ ಫೈಲಿನಲ್ಲಿ ಕೇಳಿ ಇಸಿದುಕೊಳ್ಳಿ. ನಾಳೆ ಬೇರೆ ಅಂತರದ ಕಾಂಟೂರ್ ಬೇಕಾದರೆ ಅದೊಂದು ಫೈಲಿದ್ದರೆ ಮತ್ತೆ ಯಾರನ್ನೂ ಕರೆಸಬೇಕಾಗಿಲ್ಲ.